ಹುಡುಗಿಯ ಗುಣ, ಹುಡುಗನ ಗುಣ: ಹುಟ್ಟಿನದೋ, ಹಚ್ಚಿದ ಕೆಲಸದ್ದೋ?

ಆಷಾಢದ ಮಂಗಳವಾರ ಬೈಲಹೊಂಗಲ, ಸವದತ್ತಿ ಸೀಮೆಯ ಹುಡುಗಿಯರು ಮಣ್ಣಿನ ಗುಳ್ಳವ್ವನನ್ನು ಮಾಡಿ, ಗುಲಗಂಜಿ ಒತ್ತಿ ಸಿಂಗರಿಸಿ, ಮನೆಮನೆಗೆ ಆರತಿ ಒಯ್ಯುತ್ತಾರೆ. ಹುಡುಗರ ಬಗರಿ, ಚಿಣಿಪಣಿಗೆ ಊರ ಬಯಲೆಲ್ಲ ಅಂಗಳ. ಹುಡುಗಿಯರ ಕೂಟ ಚಿಕ್ಕದು, ಹೊಸ್ತಿಲಿನ ಆಸುಪಾಸಿನದು. ಹುಡುಗರ ಗುಂಪು ದೊಡ್ಡದು, ಗದ್ದಲದ್ದು. ಇದು ಎಲ್ಲರ ಕಣ್ಣಿಗೂ ಬೀಳುವ ಅಂತರ. ಹುಟ್ಟುತ್ತಲೇ ಬಂದದ್ದೋ, ಬೆಳೆಯುತ್ತ ಕಲಿತದ್ದೋ ಎಂಬ ಪ್ರಶ್ನೆಗೆ ವಿದ್ವಾಂಸರು ಕೊಟ್ಟ ಉತ್ತರ ಮಾತ್ರ ಒಂದು ಶತಮಾನದಲ್ಲಿ ಹಲವು ಸಲ ಬದಲಾಗಿದೆ.

1935ರಲ್ಲಿ ಮಾರ್ಗರೆಟ್ ಮೀಡ್ ನ್ಯೂಗಿನಿಯ ಮೂರು ಬುಡಕಟ್ಟುಗಳನ್ನು ಎದುರಿಗಿಟ್ಟು, ಸೌಮ್ಯ ಹೆಣ್ಣು, ಒರಟು ಗಂಡು ಎಂಬುದು ಪ್ರಕೃತಿಯ ಕಟ್ಟಳೆಯಲ್ಲ, ಸಮಾಜದ ಎರಕ ಎಂದರು. ಅವರ ವಿವರಗಳ ಬಗ್ಗೆ ತಕರಾರು ಬಂದವು, ಪ್ರಶ್ನೆ ಉಳಿಯಿತು. 1974ರಲ್ಲಿ ಎಲೀನರ್ ಮೆಕೊಬಿ ಮತ್ತು ಕ್ಯಾರಲ್ ಜ್ಯಾಕ್ಲಿನ್ ಅಲ್ಲಿಯವರೆಗಿನ ಸಂಶೋಧನೆಗಳನ್ನೆಲ್ಲ ಜಾಲಾಡಿದಾಗ ಗಟ್ಟಿಯಾಗಿ ನಿಂತ ವ್ಯತ್ಯಾಸಗಳು ನಾಲ್ಕೇ: ಭಾಷೆ, ಗಣಿತ, ಆಕಾರಗಳನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವ ಶಕ್ತಿ, ಆಕ್ರಮಣಶೀಲತೆ. ಹುಡುಗಿಯರು ಹೆಚ್ಚು ಬೆರೆಯುವವರು, ಹೆಚ್ಚು ಅಂಜುವವರು ಎಂಬ ನಂಬಿಕೆಗಳಿಗೆ ಪುರಾವೆ ಸಾಲಲಿಲ್ಲ. 2005ರಲ್ಲಿ ಜ್ಯಾನೆಟ್ ಹೈಡ್ ಇಂಥ 46 ಸಮಗ್ರ ವಿಶ್ಲೇಷಣೆಗಳನ್ನು ಒಟ್ಟಿಗಿಟ್ಟು ನೋಡಿದರು. ಅಳೆದ ವ್ಯತ್ಯಾಸಗಳಲ್ಲಿ ಶೇ. 78ರಷ್ಟು ತೀರ ಸಣ್ಣವು ಅಥವಾ ಇಲ್ಲವೆನ್ನುವಷ್ಟೇ ಇದ್ದವು.

ಈ ಚರಿತ್ರೆಯಲ್ಲಿ ನಮ್ಮ ಹಳ್ಳಿಗಳಿಗೆ ಹೆಚ್ಚು ಹತ್ತಿರದ್ದು ಇನ್ನೊಂದು ಎಳೆ. 1950ರ ದಶಕದಲ್ಲಿ ಬಿಯಾಟ್ರಿಸ್ ಮತ್ತು ಜಾನ್ ವೈಟಿಂಗ್ ದಂಪತಿಯ ತಂಡ ಆರು ಸಂಸ್ಕೃತಿಗಳ ಮಕ್ಕಳನ್ನು ಅವರವರ ಅಂಗಳದಲ್ಲೇ ಗಮನಿಸಿತು. ಉತ್ತರ ಪ್ರದೇಶದ ಖಾಲಾಪುರವೂ ಅದರಲ್ಲಿತ್ತು. ಗಂಡುಮಕ್ಕಳೂ ಕೂಸು ಎತ್ತಿಕೊಳ್ಳುವ, ಮನೆಗೆಲಸ ಮಾಡುವ ಕಡೆ ಹುಡುಗ-ಹುಡುಗಿಯರ ನಡವಳಿಕೆಯ ಅಂತರ ಕಿರಿದಾಗಿತ್ತು. 1973ರಲ್ಲಿ ಕ್ಯಾರಲ್ ಎಂಬರ್ ಕೀನ್ಯಾದ ಲುವೊ ಹಳ್ಳಿಯೊಂದರ ವರದಿ ಪ್ರಕಟಿಸಿದರು. ಅಲ್ಲಿ ಹೆಣ್ಣುಮಕ್ಕಳಿಲ್ಲದ ಮನೆಗಳಲ್ಲಿ ನೀರು ತರುವುದು, ಅಡುಗೆ, ಕೂಸಿನ ಆರೈಕೆ ಹುಡುಗರ ಪಾಲಿಗೆ ಬಂದಿದ್ದವು. ಆ ಹುಡುಗರು ಉಳಿದವರಿಗಿಂತ ಕಡಿಮೆ ಜಗಳಗಂಟರಾಗಿದ್ದರು. ಗುಣಕ್ಕೆ ತಕ್ಕ ಕೆಲಸ ಎನ್ನುತ್ತಿದ್ದವರಿಗೆ, ಕೆಲಸಕ್ಕೆ ತಕ್ಕ ಗುಣವೂ ಬರುತ್ತದೆ ಎಂದು ತೋರಿಸಿದ ಅಧ್ಯಯನವಿದು. ಇಡೀ ಕ್ಷೇತ್ರದಲ್ಲಿ ಇದಕ್ಕಿಂತ ಮುಖ್ಯವಾದ ಸುಳಿವು ಸಿಗುವುದು ಕಷ್ಟ.

ಬೈಲಹೊಂಗಲದ ಕರಿನೆಲದಲ್ಲಿ ಹತ್ತಿ ಬಿಡಿಸುವ ಕೈಗಳು ಹೆಚ್ಚಾಗಿ ಹೆಣ್ಣುಮಕ್ಕಳವು. ರಾಮದುರ್ಗದ ನೇಕಾರರ ಮನೆಯಲ್ಲಿ ಕಂಡಿಕೆ ಸುತ್ತುವುದು ಹೆಂಗಸರು, ಮಕ್ಕಳ ಪಾಲು. "ಹೆಣ್ಣಮಕ್ಕಳು ಹಂಗ ಜಿಗದಾಡಬಾರದವಾ" ಎಂಬ ಹಿರಿಯರ ಮಾತೂ ಜೊತೆಗಿರುತ್ತದೆ. ಹೀಗೆ ಕೆಲಸ, ನಡಿಗೆ, ಹಬ್ಬ, ಊಟದ ಸರದಿಗಳ ಮೂಲಕವೇ ಹುಡುಗಿ ಹೆಣ್ಣಾಗುವ ಬಗೆಯನ್ನು ಸಮಾಜಶಾಸ್ತ್ರಜ್ಞೆ ಲೀಲಾ ದುಬೆ 1988ರಲ್ಲಿ ಬಿಡಿಸಿ ಬರೆದರು. ಭಾರತದ 2019ರ ಸಮಯ ಬಳಕೆ ಸಮೀಕ್ಷೆ ಅದಕ್ಕೆ ಅಂಕಿ ಕೊಟ್ಟಿತು: ಆರು ವರ್ಷ ಮೇಲ್ಪಟ್ಟವರಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಾಕಿದ ಹೆಣ್ಣುಮಕ್ಕಳು ದಿನಕ್ಕೆ ಸರಾಸರಿ 299 ನಿಮಿಷ ದುಡಿದರೆ, ಗಂಡುಮಕ್ಕಳು 97 ನಿಮಿಷ.

ಸವದತ್ತಿ ಎಲ್ಲಮ್ಮನ ಸೀಮೆ ಈ ಚರ್ಚೆಗೆ ಒಂದು ನೋವಿನ ಅಧ್ಯಾಯವನ್ನೇ ಸೇರಿಸಿದೆ. ಹುಡುಗಿಯರನ್ನು ದೇವಿಗೆ ಅರ್ಪಿಸುವ, ಮುತ್ತು ಕಟ್ಟುವ ಪದ್ಧತಿಯನ್ನು ಕರ್ನಾಟಕ 1982ರ ಕಾಯ್ದೆಯಿಂದ ನಿಷೇಧಿಸಿತು. ಉತ್ತರ ಕರ್ನಾಟಕದಲ್ಲಿ ಅಧ್ಯಯನ ನಡೆಸಿದ ಮಾನವಶಾಸ್ತ್ರಜ್ಞೆ ಲೂಸಿಂಡಾ ರ್‍ಯಾಂಬರ್ಗ್ 2014ರ ತಮ್ಮ ಪುಸ್ತಕದಲ್ಲಿ, ಮುತ್ತು ಕಟ್ಟಿಸಿಕೊಂಡ ಮಗಳು ತವರಿನಲ್ಲಿ ಮಗನ ಸ್ಥಾನ ಪಡೆಯುವುದನ್ನು ವಿವರಿಸುತ್ತಾರೆ: ತಂದೆತಾಯಿಯನ್ನು ಸಾಕುವುದು, ಆಸ್ತಿಯಲ್ಲಿ ಹಕ್ಕು, ಮನೆತನ ಮುಂದುವರಿಸುವುದು. ಆ ಸ್ಥಾನಕ್ಕಾಗಿ ಹುಡುಗಿ ತೆತ್ತ ಬೆಲೆ ಘೋರ. ಆದರೂ 'ಮಗ' ಎಂಬುದು ದೇಹಕ್ಕಿಂತ ಹೊಣೆಯ ಹೆಸರು ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಅಪರೂಪ.

ಕಿತ್ತೂರಿನದು ಬೇರೆ ಬಗೆಯ ಸಾಕ್ಷಿ. 1824ರಲ್ಲಿ ಕಂಪನಿಯ ಸೈನ್ಯವನ್ನು ಎದುರಿಸಿದ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡರು. ಅವರ ಹೆಸರಿನ ಹೆಣ್ಣುಮಕ್ಕಳ ವಸತಿ ಸೈನಿಕ ಶಾಲೆ ಕಿತ್ತೂರಿನಲ್ಲಿ ಆರಂಭವಾದದ್ದು 1969ರಲ್ಲಿ. ಕೇಂದ್ರದ ಸೈನಿಕ ಶಾಲೆಗಳು ಹುಡುಗಿಯರಿಗೆ ಬಾಗಿಲು ತೆರೆದದ್ದು 2018ರಿಂದೀಚೆಗೆ. ಕವಾಯತು, ಕುದುರೆ ಸವಾರಿಯ ಈ ಶಾಲೆ ಅದಕ್ಕೂ ಅರ್ಧ ಶತಮಾನ ಮೊದಲೇ ಇಲ್ಲಿ ಹುಡುಗಿಯರಿಗೆ ತೆರೆದಿತ್ತು. ಅವಕಾಶ ಮೊದಲು ಬಂತು, 'ಹುಡುಗರ ಗುಣ' ಅದರ ಹಿಂದೆ ಬಂತು.

ಈಚಿನ ಸಂಶೋಧನೆ ಗಮನಿಸುವುದರಲ್ಲೇ ನಿಲ್ಲದೆ ಬದಲಿಸಲು ನೋಡುತ್ತಿದೆ. ರಾಮದುರ್ಗಕ್ಕೆ ಹೊಂದಿಕೊಂಡ ಬಾಗಲಕೋಟೆ, ಅದರಾಚೆಯ ವಿಜಯಪುರ ಜಿಲ್ಲೆಗಳಲ್ಲಿ ಅಧ್ಯಯನಕ್ಕೆ ಆರಿಸಿದ 80 ಹಳ್ಳಿಗಳ ಪೈಕಿ ಅರ್ಧದಲ್ಲಿ 2014ರಿಂದ 2017ರವರೆಗೆ 'ಸಮತಾ' ಕಾರ್ಯಕ್ರಮ ಪರಿಶಿಷ್ಟ ಜಾತಿ, ಪಂಗಡಗಳ ಹುಡುಗಿಯರನ್ನು ಪ್ರೌಢಶಾಲೆಯಲ್ಲಿ ಉಳಿಸಲು, ಬಾಲ್ಯವಿವಾಹ ತಡೆಯಲು ದುಡಿಯಿತು. ಉಳಿದರ್ಧದೊಂದಿಗೆ ಹೋಲಿಸಿದಾಗ ಒಟ್ಟಾರೆ ಲೆಕ್ಕದಲ್ಲಿ ಗುರುತಿಸುವಂಥ ಪರಿಣಾಮ ಕಾಣಲಿಲ್ಲ. ಹರಿಯಾಣದ 314 ಸರಕಾರಿ ಶಾಲೆಗಳ ಪ್ರಯೋಗವೊಂದು ಕಾರಣದ ಎಳೆ ಹಿಡಿದುಕೊಡುತ್ತದೆ. ಹುಡುಗ-ಹುಡುಗಿಯರಿಬ್ಬರನ್ನೂ ಕೂಡಿಸಿಕೊಂಡು ಸಮಾನತೆಯ ಪಾಠ ನಡೆಸಿದಾಗ ಇಬ್ಬರ ಅಭಿಪ್ರಾಯಗಳೂ ಬದಲಾದವು. ನಡವಳಿಕೆ ಹೆಚ್ಚು ಬದಲಾದದ್ದು ಹುಡುಗರದು. ಮನಸ್ಸು ಮಾಡಿದರೆ ಹುಡುಗ ನಾಳೆಯೇ ಪಾತ್ರೆ ತೊಳೆಯಬಲ್ಲ. ಹುಡುಗಿ ಹತ್ತಿ ಹೊಲ ಬಿಟ್ಟು ಶಾಲೆಯಲ್ಲಿ ಕೂರಬೇಕಾದರೆ ಮನೆಯ ಹಿರಿಯರು ಹೂಂ ಅನ್ನಬೇಕು.