ಕಪ್ಪೆಗೆ ಕುಂಬಾರನ ಹೆಸರು

ಕಪ್ಪೆಗೂ ಕುಂಬಾರನಿಗೂ ಎಲ್ಲಿಯ ನಂಟು? ಉತ್ತರ ಕನ್ನಡದ ಕತ್ತಲೆಕಾನಿನ ಹಳ್ಳಕ್ಕೆ ಹೋದರೆ ತಿಳಿಯುತ್ತದೆ.

ಜೀವಿಗಳಿಗೆ ಎರಡು ಪದದ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದವರು ಸ್ವೀಡನ್ನಿನ ಕಾರ್ಲ್ ಲಿನೇಯಸ್. ಪ್ರಾಣಿಗಳ ಹೆಸರಿನ ಲೆಕ್ಕ ಶುರುವಾಗುವುದೇ ಅವರ 1758ರ ಪುಸ್ತಕದಿಂದ. ಮೊದಲ ಪದ ಕುಲ, ಎರಡನೆಯದು ಪ್ರಭೇದ. ಬ್ರಿಟಿಷರ ಕಾಲದಲ್ಲಿ ನಮ್ಮ ಘಟ್ಟದ ಎಷ್ಟೋ ಕಪ್ಪೆಗಳಿಗೆ ಹೆಸರು ಬಿದ್ದದ್ದು ಲಂಡನ್ನಿನ ಮ್ಯೂಸಿಯಂನಲ್ಲಿ. 1882ರಲ್ಲಿ ಬೌಲೆಂಜರ್ ಇರುಳುಗಪ್ಪೆಗಳ ಕುಲಕ್ಕೆ ಗ್ರೀಕ್ ಮೂಲದ 'ನಿಕ್ಟಿಬ್ಯಾಟ್ರಕಸ್' ಎಂದು ಹೆಸರಿಟ್ಟರು. ಅದೇ ವರ್ಷ ಇನ್ನೊಂದು ಪುಟ್ಟ ಕಪ್ಪೆಗೆ ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿ ಬೆಡ್ಡೋಮ್ ಅವರ ಹೆಸರು ಅಂಟಿತು.

ಆದರೆ ಹೆಸರು ಲ್ಯಾಟಿನ್ನೋ ಗ್ರೀಕೋ ಆಗಿರಲೇಬೇಕೆಂಬ ಕಟ್ಟುಪಾಡಿಲ್ಲ. ಯಾವ ಭಾಷೆಯ ಪದವಾದರೂ ಸರಿ, ರೋಮನ್ ಲಿಪಿಯಲ್ಲಿ ಬರೆದರಾಯಿತು. 2014ರಲ್ಲಿ ಕೆ.ವಿ. ಗುರುರಾಜ ಮತ್ತು ಸಂಗಡಿಗರು ಕತ್ತಲೆಕಾನಿನ ಹೊಸ ಕಪ್ಪೆಯನ್ನು 'ನಿಕ್ಟಿಬ್ಯಾಟ್ರಕಸ್ ಕುಂಬಾರ' ಎಂದು ಕರೆದರು. ಹೆಣ್ಣು ಮೊಟ್ಟೆಯಿಟ್ಟ ಮೇಲೆ ಗಂಡು ಹಳ್ಳದ ತಳದಿಂದ ಮುಂಗಾಲಲ್ಲಿ ಕೆಸರು ಬಾಚಿ ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ಅದನ್ನು ಕಂಡ ಕನ್ನಡಿಗರಿಗೆ ಬೇರೆ ಯಾವ ಹೆಸರು ಹೊಳೆದೀತು? 2018ರಲ್ಲಿ ಮಂಗಳೂರಿನ ಕಪ್ಪೆಯೊಂದು 'ಮೈಕ್ರೋಹೈಲಾ ಕೊಡಿಯಾಲ್' ಆಯಿತು. ಕೊಂಕಣಿಯಲ್ಲಿ ಮಂಗಳೂರೆಂದರೆ ಕೊಡಿಯಾಲ.

ಊರೂರು ತಿರುಗಿ ವರದಿ ಮಾಡುವ ನಮಗೆ ಗೊತ್ತು, ಹೆಸರಿಲ್ಲದ್ದು ಕಡತಕ್ಕೆ ಬರುವುದಿಲ್ಲ. ಕಾಡಿಗೊಂದು ಯೋಜನೆ ಬಂದಾಗ 'ಇಲ್ಲಿ ಇಂಥದೊಂದು ಜೀವವಿದೆ' ಎಂದು ಹೇಳಲು ಹೆಸರು ಬೇಕು. ಆದರೆ ಜೀವಿ ಅಳಿದರೂ ಹೆಸರು ಪುಸ್ತಕದಲ್ಲಿ ಉಳಿದುಬಿಡುತ್ತದೆ. ಈ ಕುಂಬಾರ ಬರೀ ಹೆಸರಾಗದೆ ಬದುಕಬೇಕಾದರೆ ಹಳ್ಳ ಹರಿಯುತ್ತಿರಬೇಕು.