ಮೊದಲು ಬರುತ್ತಿದ್ದ ಸ್ಕಾಲರ್‌ಶಿಪ್, ಆಮೇಲೆ ಬರುವ ಸ್ಕಾಲರ್‌ಶಿಪ್

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರ ನಮ್ಮ ದಂಡಿಗನಹಳ್ಳಿ ಹೋಬಳಿಯ ಮನೆಗಳಲ್ಲಿ ಎರಡು ಪ್ರಶ್ನೆ ಒಟ್ಟಿಗೇ ಏಳುತ್ತವೆ. ಮಗುವನ್ನು ಡಿಪ್ಲೊಮಾಗೆ ಸೇರಿಸೋದೋ, ಪಿಯುಸಿಗೋ? ಫೀಸಿಗೆ ಏನು ಮಾಡೋದು? ಎರಡನೆಯದಕ್ಕೆ ಎಲ್ಲರೂ ಕೊಡುವ ಉತ್ತರ ಒಂದೇ: "ಈಗ ಕಟ್ಟಿಬಿಡಿ, ಆಮೇಲೆ ಸ್ಕಾಲರ್‌ಶಿಪ್ ಬರುತ್ತೆ."

ಈ "ಈಗ" ಮತ್ತು "ಆಮೇಲೆ" ನಡುವಿನ ತಿಂಗಳುಗಳಲ್ಲೇ ಬಡವರ ಮನೆ ಸಾಲ ಮಾಡುವುದು. ತಾಂತ್ರಿಕ ಶಿಕ್ಷಣಕ್ಕೆ ಸರ್ಕಾರ ಹಣ ಕೊಡುವುದು ಹೊಸದಲ್ಲ, ನೂರ ನಲವತ್ತು ವರ್ಷಕ್ಕೂ ಹಳೆಯದು. ಆ ಹಣ ಮೊದಲು ಹೇಗೆ ಬರುತ್ತಿತ್ತು, ಯಾರಿಗೆ ಬರುತ್ತಿತ್ತು ಎಂದು ಇಲ್ಲಿ ನೋಡೋಣ.

ಮೈಸೂರು ಬಿತ್ತಿತು, ಮುಂಬಯಿ ಕೊಯ್ದಿತು

1880ರ ದಶಕದ ಆರಂಭ. ಮುದ್ದೇನಹಳ್ಳಿಯ ಹುಡುಗನೊಬ್ಬ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದ್ದ. ತಂದೆ ಇರಲಿಲ್ಲ. ಮನೆಪಾಠ ಹೇಳಿ ಓದಿದವನು. ಎಂಜಿನಿಯರಿಂಗ್ ಓದಲು ಪುಣೆಗೆ ಹೋಗಬೇಕಿತ್ತು, ಕೈಯಲ್ಲಿ ಹಣವಿರಲಿಲ್ಲ. ಮೈಸೂರು ಸರ್ಕಾರ ವಿದ್ಯಾರ್ಥಿವೇತನ ಕೊಟ್ಟಿತು. ಆ ಹುಡುಗ ಎಂ. ವಿಶ್ವೇಶ್ವರಯ್ಯ. 1883ರ ಪರೀಕ್ಷೆಯಲ್ಲಿ ಮೊದಲ ಸ್ಥಾನ ಬಂತು, ಮರುವರ್ಷ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಸಿಕ್ಕಿತು.

ಹಣ ಕೊಟ್ಟದ್ದು ಮೈಸೂರು, ದುಡಿಸಿಕೊಂಡದ್ದು ಮುಂಬಯಿ, ಅದೂ ಸುಮಾರು ಕಾಲು ಶತಮಾನ. 1909ರಲ್ಲಿ ಅವರು ಮುಖ್ಯ ಎಂಜಿನಿಯರ್ ಆಗಿ ಮೈಸೂರಿಗೆ ಬಂದರು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. 1912ರಿಂದ 1918ರವರೆಗೆ ದಿವಾನರಾಗಿದ್ದರು. ಅವರ ಕಾಲದಲ್ಲೇ, 1917ರಲ್ಲಿ, ಬೆಂಗಳೂರಿನಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ತೆರೆಯಿತು. ಮುಂದಿನ ಹುಡುಗರು ಪುಣೆಗೆ ಹೋಗುವುದು ತಪ್ಪಿತು. ಬಿತ್ತಿದ ಬೀಜ ತಡವಾಗಿ ಮೊಳೆತರೂ ಫಸಲು ಮನೆಗೇ ಬಂತು.

ಯಾರಿಗೆ ಸಿಗುತ್ತಿತ್ತು?

ಆ ಕಾಲದ ವೇತನ ಬೆರಳೆಣಿಕೆಯ ಜನರದ್ದು. ಕಾಲೇಜಿನ ಬಾಗಿಲವರೆಗೆ ಬಂದವರಿಗೆ ಮಾತ್ರ ಅದು ಸಿಗುತ್ತಿತ್ತು. ಹಳ್ಳಿಯ ಒಕ್ಕಲು ಮಕ್ಕಳು, ಕೇರಿಯ ಮಕ್ಕಳು ಆ ಬಾಗಿಲನ್ನೇ ಕಂಡಿರಲಿಲ್ಲ.

ಇದನ್ನು ಬದಲಿಸಲು ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲಿ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿ ನೇಮಿಸಿದರು. ಹಿಂದುಳಿದ ಸಮುದಾಯಗಳಿಗೆ ನೌಕರಿಯಲ್ಲಿ ಪಾಲು ಬೇಕು, ಓದಲು ವಿದ್ಯಾರ್ಥಿವೇತನವೂ ಬೇಕು ಎಂದು ಸಮಿತಿ ಹೇಳಿತು. ವಿಶ್ವೇಶ್ವರಯ್ಯನವರಿಗೆ ಈ ದಾರಿ ಒಪ್ಪಿಗೆಯಾಗಲಿಲ್ಲ, ಅದೇ ವರ್ಷ ಅವರು ದಿವಾನಗಿರಿ ಬಿಟ್ಟರು. ಸರ್ಕಾರದ ವೇತನದಿಂದ ಓದಿ ಬೆಳೆದವರು ಅರ್ಹತೆ ಎಂದರು, ಅರಸರು ಅವಕಾಶ ಎಂದರು. ಆ ವಾದ ಇವತ್ತಿಗೂ ನಮ್ಮ ಅರಳಿಕಟ್ಟೆಗಳಲ್ಲಿ ನಡೆಯುತ್ತಲೇ ಇದೆ.

ಬರೋಡದ ಮಹಾರಾಜರ ವೇತನದಿಂದ 1913ರಲ್ಲಿ ಅಮೆರಿಕಕ್ಕೆ ಹೋಗಿ ಓದಿದವರು ಡಾ. ಅಂಬೇಡ್ಕರ್. ಅವರು ವೈಸರಾಯ್ ಮಂಡಳಿಯ ಸದಸ್ಯರಾಗಿದ್ದ ಕಾಲದಲ್ಲಿ, 1944ರಲ್ಲಿ, ಪರಿಶಿಷ್ಟ ಜಾತಿ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಆರಂಭವಾಯಿತು. ಇಂದು ಡಿಪ್ಲೊಮಾ, ಬಿ.ಇ. ಓದುವ ಸಾವಿರಾರು ಮಕ್ಕಳ ಖಾತೆಗೆ ಬೀಳುವ ಹಣದ ಬೇರು ಅಲ್ಲಿದೆ. ಅರಸರ ಕೃಪೆಯಾಗಿದ್ದದ್ದು ನಿಧಾನವಾಗಿ ಹಕ್ಕಾಯಿತು.

ದೇಶಕ್ಕೆ ಬೇಕಾದ ಓದು

ಎರಡನೇ ಮಹಾಯುದ್ಧ ಮುಗಿದಾಗ ದೇಶಕ್ಕೆ ತಂತ್ರಜ್ಞರ ಬರ. ಬೇಕಾದ ವಿಷಯಗಳನ್ನು ಗುರುತಿಸಿ, ಮಕ್ಕಳನ್ನು ಆರಿಸಿ ಸರ್ಕಾರವೇ ಹೊರದೇಶಕ್ಕೆ ಕಳಿಸಿತು. 1946ರಲ್ಲಿ ಹಾಗೆ ಆಯ್ಕೆಯಾದವರಲ್ಲಿ ಮೈಸೂರು ಸೀಮೆಯ ರಾಜೇಶ್ವರಿ ಚಟರ್ಜಿ ಒಬ್ಬರು. ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿದ್ದ ಅವರು ಅಮೆರಿಕದ ಮಿಶಿಗನ್‌ನಲ್ಲಿ ಎಂಜಿನಿಯರಿಂಗ್ ಓದಿದರು. 1953ರಲ್ಲಿ ಮರಳಿ ಬಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿಯಾಗಿ ಮೈಕ್ರೋವೇವ್ ತಂತ್ರಜ್ಞಾನ ಕಲಿಸಿದರು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಅವರನ್ನು ನೆನೆಯುತ್ತಾರೆ.

ನಮ್ಮ ಜಿಲ್ಲೆಗೆ ಆದ ಉಪಕಾರ ಬೇರೆ ಬಗೆಯದು: ಕಾಲೇಜೇ ಹತ್ತಿರ ಬಂತು. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ರೈತನ ಮಗ ಎಚ್.ಡಿ. ದೇವೇಗೌಡರು ಸಿವಿಲ್ ಡಿಪ್ಲೊಮಾ ಮಾಡಿದ್ದು ಹಾಸನದ ಎಲ್.ವಿ. ಪಾಲಿಟೆಕ್ನಿಕ್‌ನಲ್ಲಿ. 1960ರಲ್ಲಿ ಹಾಸನದಲ್ಲೇ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಶುರುವಾಯಿತು. ಮುಂದೆ ಗೊರೂರಿನ ಅಣೆಕಟ್ಟೆ, ಹೇಮಾವತಿ ನಾಲೆ, ನಮ್ಮ ತಾಲ್ಲೂಕಿನ ಬಾಗೂರು–ನವಿಲೆ ಸುರಂಗ ಎಲ್ಲಕ್ಕೂ ಎಂಜಿನಿಯರುಗಳು ಬೇಕಾದರು. ಮನೆ ಊಟ ಮಾಡಿ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದಲ್ಲಿ ಕಾಲೇಜಿದ್ದರೆ ಅರ್ಧ ಸ್ಕಾಲರ್‌ಶಿಪ್ ಸಿಕ್ಕಂತೆಯೇ.

ಇಂದಿನ ಲೆಕ್ಕ

ಇಂದು ಯೋಜನೆಗಳು ಹಲವು. 2021ರಲ್ಲಿ ಘೋಷಣೆಯಾದಾಗ ರೈತ ವಿದ್ಯಾನಿಧಿಯಲ್ಲಿ ವರ್ಷಕ್ಕೆ ಡಿಪ್ಲೊಮಾ ಹುಡುಗರಿಗೆ 2,500, ಹುಡುಗಿಯರಿಗೆ 3,000 ರೂಪಾಯಿ ಎಂದಿತ್ತು. ಬಿ.ಇ. ಓದುವವರಿಗೆ 10,000 ಮತ್ತು 11,000 ಎಂದಿತ್ತು. ಎಐಸಿಟಿಇಯ ಪ್ರಗತಿ ಯೋಜನೆಯಲ್ಲಿ ಆಯ್ಕೆಯಾದ ಹುಡುಗಿಯರಿಗೆ ವರ್ಷಕ್ಕೆ 50,000 ರೂಪಾಯಿ. ಮನೆಯ ವರಮಾನ 8 ಲಕ್ಷದೊಳಗಿರಬೇಕು, ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳವರೆಗೆ ಸಿಗುತ್ತದೆ. ಇದಕ್ಕೆ ಅರ್ಜಿ ಹಾಕುವುದು ರಾಜ್ಯದ ಎಸ್‌ಎಸ್‌ಪಿಯಲ್ಲಲ್ಲ, ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ.

ವಿಶ್ವೇಶ್ವರಯ್ಯನವರ ಕಾಲಕ್ಕಿಂತ ಇದು ಎಷ್ಟೋ ನ್ಯಾಯದ್ದು. ಒಬ್ಬರ ಜಾಗದಲ್ಲಿ ಇಂದು ಊರೂರಿನ ಮಕ್ಕಳಿಗೆ ಸಿಗುತ್ತಿದೆ. ಆದರೆ ಒಂದನ್ನು ಕಳೆದುಕೊಂಡಿದ್ದೇವೆ. ಅವರು ಪುಣೆಗೆ ಹೊರಡಲು ಸಾಧ್ಯವಾದದ್ದೇ ವೇತನ ಸಿಕ್ಕಿದ್ದರಿಂದ. ರಾಜೇಶ್ವರಿಯವರು ಹಡಗು ಹತ್ತುವ ಮೊದಲೇ ಹಣ ಗಟ್ಟಿಯಾಗಿತ್ತು. ಇಂದು ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಬೇಕಾದರೆ ಮೊದಲು ಕಾಲೇಜಿಗೆ ಸೇರಿರಬೇಕು. ಸೇರಲು ಹಣವಿಲ್ಲದ ಮನೆಗೆ, ಸೇರಿದ ಮೇಲೆ ಬರುವ ಹಣ ಬಾಗಿಲು ತೆರೆಸುವುದಿಲ್ಲ. ಮಗು ಪಾಲಿಟೆಕ್ನಿಕ್ ಬಿಟ್ಟು ಬೆಂಗಳೂರಿನ ಗಾರ್ಮೆಂಟ್ಸ್ ಬಸ್ಸು ಹತ್ತುವುದು ಇಂಥ ಹೊತ್ತಿನಲ್ಲೇ.

ಹಾಗಾಗಿ ನಾವು ಕೇಳುವುದು ಇಷ್ಟು. ಮೊದಲ ವರ್ಷದ ಹಣದಲ್ಲಿ ಒಂದು ಪಾಲನ್ನಾದರೂ ಸೀಟು ಸಿಕ್ಕ ದಿನವೇ ಸರ್ಕಾರ ಕೊಡಲಿ. ಅಲ್ಲಿಯವರೆಗೆ ಊರಿನ ಹಾಲಿನ ಡೇರಿ, ಸ್ತ್ರೀಶಕ್ತಿ ಸಂಘ, ಓದಿ ಕೆಲಸ ಹಿಡಿದ ಅಣ್ಣ ಅಕ್ಕಂದಿರು ಸೇರಿ ಬಡ್ಡಿಯಿಲ್ಲದ ಕೈಗಡದ ಒಂದು ನಿಧಿ ಮಾಡಬಹುದು. ಸ್ಕಾಲರ್‌ಶಿಪ್ ಬಂದ ದಿನ ಮಗು ತೀರಿಸಲಿ, ಮುಂದಿನ ವರ್ಷ ಇನ್ನೊಬ್ಬರಿಗೆ ಆಗಲಿ.

ಮನೆಯವರು ಮಾಡಬೇಕಾದದ್ದೂ ಇದೆ. ಫಲಿತಾಂಶಕ್ಕೆ ಕಾಯದೆ ನಾಡಕಚೇರಿಯಲ್ಲಿ ಜಾತಿ, ಆದಾಯ ಪ್ರಮಾಣಪತ್ರ ಮಾಡಿಸಿ, ಅದರ ಆರ್‌.ಡಿ. ಸಂಖ್ಯೆ ಬರೆದಿಟ್ಟುಕೊಳ್ಳಿ. ಮಗುವಿನ ಹೆಸರಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿ. ರೈತರಾದರೆ ಫ್ರೂಟ್ಸ್ ಐಡಿ ಸರಿಯಿದೆಯೇ ನೋಡಿಕೊಳ್ಳಿ. ಮಳೆ ಬರುವ ಮುಂಚೆ ಹೊಲ ಹದ ಮಾಡಿಟ್ಟುಕೊಳ್ಳುವ ನಮಗೆ ಇದನ್ನು ಬೇರೆಯವರು ಕಲಿಸಬೇಕಿಲ್ಲ.