ದೇವನಾಮ ಮತ್ತು ಭಾರತ ಸಂವಿಧಾನ

ರಾಜ್ಯವೊಂದರ ಮೂಲಶಾಸನವು ಈಶ್ವರನ ಹೆಸರನ್ನೆತ್ತದೆ ಪ್ರಜೆಗಳ ಹೆಸರಿನಲ್ಲಿಯೇ ಪ್ರವೃತ್ತವಾದರೆ, ಆಸ್ತಿಕನಾದವನು ಅದಕ್ಕೆ ಪೂರ್ಣನಿಷ್ಠೆಯನ್ನು ಸಲ್ಲಿಸಬಹುದೇ ಎಂಬ ಪ್ರಶ್ನೆಯು ಅನೇಕ ದೇಶಗಳಲ್ಲಿ ಉದ್ಭವಿಸಿದೆ. 1937ರ ಐರ್ಲೆಂಡಿನ ಸಂವಿಧಾನವು ಪವಿತ್ರ ತ್ರಿತ್ವದ ನಾಮದಿಂದ ಮೊದಲಾಗುತ್ತದೆ. 1949ರ ಮಾರ್ಚಿನಲ್ಲಿ ಪಾಕಿಸ್ತಾನದ ಸಂವಿಧಾನ ಸಭೆಯು ಸಾರ್ವಭೌಮತ್ವವು ಅಲ್ಲಾಹನದೆಂದು ನಿರ್ಣಯಿಸಿತು. ಭಾರತವು ಹಿಡಿದ ದಾರಿ ಬೇರೆಯಾದುದು.

ಪೀಠಿಕೆಯ ಚರ್ಚೆ: 1949ರ ಅಕ್ಟೋಬರ್ 17ರಂದು ಸಂವಿಧಾನ ಸಭೆಯು ಪೀಠಿಕೆಯನ್ನು ಕೈಗೆತ್ತಿಕೊಂಡಾಗ, ಮಂಗಳೂರಿನಲ್ಲಿ ಜನಿಸಿದ ಹರಿ ವಿಷ್ಣು ಕಾಮತರು, ಅದು ದೇವರ ಹೆಸರಿನೊಡನೆ ಆರಂಭವಾಗತಕ್ಕುದೆಂದು ತಿದ್ದುಪಡಿಯನ್ನು ಮಂಡಿಸಿ, ಗೀತೆಯು ಬೋಧಿಸುವ ಸಮರ್ಪಣಭಾವದಿಂದ ಈ ಮಹಾಕಾರ್ಯವನ್ನು ಭಗವಂತನಿಗೆ ಅರ್ಪಿಸೋಣವೆಂದು ವಿಜ್ಞಾಪಿಸಿದರು. ಶಿಬ್ಬನ್‌ಲಾಲ್ ಸಕ್ಸೇನಾ ಮತ್ತು ಗೋವಿಂದ ಮಾಳವೀಯರು ಇದೇ ಆಶಯದ ಬೇರೆ ಪಾಠಗಳನ್ನು ಸೂಚಿಸಿದ್ದರು. ಅಸ್ಸಾಮಿನ ರೋಹಿಣಿಕುಮಾರ ಚೌಧುರಿಯವರಾದರೋ, ದೇವನನ್ನು ಸ್ಮರಿಸಿ ದೇವಿಯನ್ನು ಮರೆಯುವುದು ಶಾಕ್ತರಿಗೆ ಸಮ್ಮತವಲ್ಲವೆಂದರು. ಒಂದು ನಾಮವನ್ನು ಆರಿಸಿಕೊಂಡೊಡನೆಯೇ ಭಕ್ತರೊಳಗೇ ಭೇದವು ತಲೆದೋರುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಿಲ್ಲ.

ವಿರೋಧವು ನಾಸ್ತಿಕ್ಯದ ಪಕ್ಷದಿಂದಲೇ ಬಂದಿತೆಂದು ಭಾವಿಸುವುದು ಯುಕ್ತವಲ್ಲ. ಶ್ರದ್ಧೆಯ ವಿಷಯದಲ್ಲಿ ಇದು ನಿರ್ಬಂಧವಾಗಲಾರದೇ ಎಂದು ಪಟ್ಟಂ ಥಾಣು ಪಿಳ್ಳೆಯವರು ಪ್ರಶ್ನಿಸಿದರು. ಅಂತರಂಗದ ಪವಿತ್ರಭಾವನೆಯನ್ನು ವಾದರಂಗಕ್ಕೆ ಎಳೆತಂದುದಕ್ಕಾಗಿ ಖೇದಗೊಂಡ ಪಂಡಿತ ಹೃದಯನಾಥ ಕುಂಜ್ರು ಅವರು, ವಿಚಾರ, ನಂಬಿಕೆ, ಶ್ರದ್ಧೆ, ಉಪಾಸನೆಗಳ ಸ್ವಾತಂತ್ರ್ಯವನ್ನು ಸಾರುವ ಪೀಠಿಕೆಯೇ ಸಮಷ್ಟಿಯ ಭಾವವನ್ನು ವ್ಯಕ್ತಿಯ ಮೇಲೆ ಹೇರುವುದು ಅಸಂಗತವೆಂದು ವಾದಿಸಿದರು. ದೇವರನ್ನು ಮತಕ್ಕೆ ಹಾಕುವ ಸಂಕಟಕ್ಕೆ ಸಭೆಯನ್ನು ಗುರಿಮಾಡಬಾರದೆಂದು ಪೂರ್ಣಿಮಾ ಬ್ಯಾನರ್ಜಿಯವರು ಕಾಮತರನ್ನು ಬೇಡಿಕೊಂಡರು. ಕಾಮತರು ಹಿಂಜರಿಯಲಿಲ್ಲ, ಮತಗಣನೆ ನಡೆದು, ಪರವಾಗಿ 41, ವಿರುದ್ಧವಾಗಿ 68 ಮತಗಳು ಬಿದ್ದು ತಿದ್ದುಪಡಿಯು ಬಿದ್ದುಹೋಯಿತು. ಈ ಅಂಕಿಗಳನ್ನು ಆಸ್ತಿಕ-ನಾಸ್ತಿಕರ ಬಲಾಬಲವೆಂದು ಗ್ರಹಿಸಲಾಗದು. ಭಕ್ತಿಯು ಬಹುಮತದ ಆಸರೆಯನ್ನು ಅಪೇಕ್ಷಿಸಬಾರದೆಂಬುದು ಸ್ವತಃ ಒಂದು ಧಾರ್ಮಿಕ ನಿಲುವಾಗಿತ್ತೆಂಬುದೇ ಆ ದಿನದ ಚರ್ಚೆಯ ಮುಖ್ಯಾಂಶವೆನ್ನಬಹುದು.

ಪ್ರಮಾಣವಚನ: ಪೀಠಿಕೆಯಲ್ಲಿ ದೊರೆಯದ ಸ್ಥಾನವು ದೇವನಾಮಕ್ಕೆ ಪ್ರಮಾಣವಚನದಲ್ಲಿ ದೊರೆತಿದೆ. 60ನೆಯ ಅನುಚ್ಛೇದ ಹಾಗೂ ಮೂರನೆಯ ಅನುಸೂಚಿಯ ಮೇರೆಗೆ, ಪದವಿಯನ್ನು ಸ್ವೀಕರಿಸುವವನು ದೇವರ ಹೆಸರಿನಲ್ಲಿ ಆಣೆಯಿಡಬಹುದು, ಇಲ್ಲವೇ ಸತ್ಯನಿಷ್ಠೆಯಿಂದ ಪ್ರತಿಜ್ಞೆ ಮಾಡಬಹುದು. ಎರಡಕ್ಕೂ ಸಮಾನವಾದ ಬೆಲೆಯುಂಟು. ಆದುದರಿಂದ ಆಸ್ತಿಕನಾದ ಮಂತ್ರಿಯು, ದೇವರನ್ನು ಹೆಸರಿಸದೆ ಆರಂಭವಾಗುವ ಸಂವಿಧಾನಕ್ಕೆ ದೇವರನ್ನೇ ಸಾಕ್ಷಿಯಾಗಿಟ್ಟು ನಿಷ್ಠೆಯನ್ನು ಒಪ್ಪಿಸುತ್ತಾನೆ. ಇವೆರಡರಲ್ಲಿ ವಿರೋಧವನ್ನು ರಚನಕಾರರು ಕಾಣಲಿಲ್ಲ.

ನ್ಯಾಯಾಲಯದ ನಿಲುವು: ಶ್ರದ್ಧೆ ಮತ್ತು ರಾಷ್ಟ್ರನಿಷ್ಠೆಗಳ ಈ ಪ್ರಶ್ನೆಯು ಮುಂದೆ ನ್ಯಾಯಾಲಯಕ್ಕೂ ಬಂದಿತು. ಕೇರಳದಲ್ಲಿ ಯೆಹೋವನ ಸಾಕ್ಷಿಗಳ ಪಂಥಕ್ಕೆ ಸೇರಿದ ಮೂವರು ಮಕ್ಕಳು, ರಾಷ್ಟ್ರಗೀತೆಗೆ ಗೌರವದಿಂದ ಎದ್ದುನಿಂತರೂ ತಮ್ಮ ಧಾರ್ಮಿಕ ನಂಬಿಕೆಯ ಕಾರಣದಿಂದ ಹಾಡಲೊಲ್ಲದೆ, 1985ರಲ್ಲಿ ಶಾಲೆಯಿಂದ ಹೊರಹಾಕಲ್ಪಟ್ಟರು. 1986ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಒಂದು ನಂಬಿಕೆಯು ನಮ್ಮ ಬುದ್ಧಿಗೆ ಒಪ್ಪುವುದೋ ಇಲ್ಲವೋ ಎಂಬುದಲ್ಲ, ಅದು ಅಂತಃಕರಣಪೂರ್ವಕವಾದುದೇ ಎಂಬುದು ವಿಚಾರಣೀಯವೆಂದು ಹೇಳಿ, ಮಕ್ಕಳನ್ನು ಶಾಲೆಗೆ ಮರಳಿ ಸೇರಿಸಿಕೊಳ್ಳತಕ್ಕುದೆಂದು ಆಜ್ಞಾಪಿಸಿತು.